ಕಡಲೆಕಾಯಿ ಹೂರಣದ ಬಿಸ್ಕತ್ತು

ಹೋಳಿಗೆಯನ್ನು ಮಾಡಬಲ್ಲ ಹೆಣ್ಣುಮಗಳಿಗೆ ಹೂರಣದ ಬಿಸ್ಕತ್ತು ಹೊಸ ವಿದ್ಯೆಯೇನೂ ಅಲ್ಲ. ಹೊರಗೆ ಕಣಕ, ಒಳಗೆ ಹೂರಣ. ಹೂರಣವು ಒಡೆದು ಹೊರಬಾರದಂತೆ ಕಣಕವು ಅದನ್ನು ಕಾಪಾಡತಕ್ಕದ್ದು. ಧಾರವಾಡ, ವಿಜಾಪುರಗಳ ಕಡೆಯ ತಾಯಂದಿರು ಹುರಿದ ಶೇಂಗಾಪುಡಿಯನ್ನೂ ಬೆಲ್ಲವನ್ನೂ ಕೂಡಿಸಿ ಹೋಳಿಗೆ ಮಾಡುವುದನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಈಗ ಹೇಳಹೊರಟಿರುವ ತಿಂಡಿಯು ಆ ಹೋಳಿಗೆಗೆ ದೂರದ ಬಂಧು. ಆದರೆ ಒಂದು ವ್ಯತ್ಯಾಸವುಂಟು. ಹೋಳಿಗೆಯು ಕಾವಲಿಯ ಮೇಲೆ ನಮ್ಮ ಕಣ್ಣೆದುರಿಗೇ ಬೇಯುತ್ತದೆ. ಬಿರಿದರೆ ಕೂಡಲೇ ತಿಳಿಯುತ್ತದೆ. ಬಿಸ್ಕತ್ತಾದರೋ ಮುಚ್ಚಿದ ಓವನ್ನಿನೊಳಗೆ ಬೇಯುವುದರಿಂದ, ಹೂರಣದ ವಿಷಯದಲ್ಲಿ ವಹಿಸತಕ್ಕ ಎಚ್ಚರಿಕೆಯನ್ನೆಲ್ಲ ಮೊದಲೇ ವಹಿಸಬೇಕು.

ಕಡಲೆಕಾಯಿಯು ಮೂಲತಃ ದಕ್ಷಿಣ ಅಮೆರಿಕಾ ಖಂಡದ ಗಿಡ. ಹುರಿದ ಬೀಜವನ್ನು ಬೆಣ್ಣೆಯಂತೆ ಅರೆಯುವ ಕ್ರಮಕ್ಕೆ ಕೆನಡಾ ದೇಶದ ಮಾರ್ಸೆಲಸ್ ಗಿಲ್ಮೋರ್ ಎಡ್ಸನ್ ಎಂಬವರು ೧೮೮೪ರಲ್ಲಿ ಪೇಟೆಂಟ್ ಪಡೆದರು. ಇದನ್ನು ಕಂಡುಹಿಡಿದವರು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂದು ಹಲವರು ಹೇಳುವುದುಂಟು, ಅದು ಸರಿಯಲ್ಲ. ಗುಲಾಮಗಿರಿಯಲ್ಲಿ ಹುಟ್ಟಿ, ಟಸ್ಕೀಗಿಯ ವಿದ್ಯಾಸಂಸ್ಥೆಯಲ್ಲಿ ಉಪಾಧ್ಯಾಯರಾದ ಆ ಮಹನೀಯರು ಮಾಡಿದ ಉಪಕಾರವೇ ಬೇರೆ. ಹತ್ತಿಯೊಂದನ್ನೇ ಬೆಳೆದು ಬೆಳೆದು ಸಾರಗೆಟ್ಟ ಹೊಲಗಳಿಗೆ ಕಡಲೆಕಾಯಿಯು ಮದ್ದೆಂದು ಬಡ ರೈತರಿಗೆ ಬೋಧಿಸಿ, ಬೆಳೆದುದನ್ನು ಮನೆಯಲ್ಲಿ ಬಳಸುವ ೧೦೫ ವಿಧಾನಗಳನ್ನು ೧೯೧೬ರಲ್ಲಿ ಒಂದು ಕಿರುಹೊತ್ತಗೆಯಾಗಿ ಪ್ರಕಟಿಸಿದರು. ಕಡಲೆಕಾಯಿ ಬಿಸ್ಕತ್ತೂ ಅವುಗಳಲ್ಲಿ ಸೇರಿದೆ. ನಮ್ಮ ದೇಶದಲ್ಲಿಯೂ, ೧೯೫೦ರಲ್ಲಿ ಆರಂಭವಾದ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದವರು, ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಬೆರಸಿ, ಪುಷ್ಟಿಯಿಲ್ಲದ ಮಕ್ಕಳಿಗಾಗಿ ಒಂದು ಆಹಾರವನ್ನು ಸಿದ್ಧಪಡಿಸಿದರು. ಬೀಜದ ತೂಕದಲ್ಲಿ ಸುಮಾರು ಕಾಲುಭಾಗ ಸಸಾರಜನಕ, ಅರ್ಧದಷ್ಟು ಎಣ್ಣೆ. ಮಕ್ಕಳ ಬೆಳವಣಿಗೆಗೆ ಆ ಸಸಾರಜನಕವು ಮಿತ್ರ; ಬಿಸ್ಕತ್ತು ಮಾಡುವವಳಿಗೆ ಆ ಎಣ್ಣೆಯೇ ಪರೀಕ್ಷೆ.

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ಸಂಸಾರ ಹೂಡಿರುವ ಹಳೆಯ ವಿದ್ಯಾರ್ಥಿನಿಯರಿಗೆ ಒಳ್ಳೆಯ ಕಡಲೆಕಾಯಿಯು ದುರ್ಲಭವಲ್ಲ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆಯು ಅಲ್ಲಿಗೆ ಬಹು ದೂರವೂ ಅಲ್ಲ. ಆದರೆ ಪರಿಷೆಯ ಹಸಿಕಾಯಿಯನ್ನು ತಂದ ದಿನವೇ ಅರೆಯಲು ಹೋಗಬಾರದು. ಅದರಲ್ಲಿ ಇನ್ನೂ ನೀರಿನ ಅಂಶವಿರುತ್ತದೆ. ಕಿವಿಯ ಬಳಿ ಹಿಡಿದು ಅಲುಗಿಸಿದರೆ ಬೀಜವು ಗಲಗಲನೆ ಸದ್ದುಮಾಡುವ ತನಕ ಬಿಸಿಲಿನಲ್ಲಿ ಒಣಗಿಸಿಡತಕ್ಕದ್ದು. ಹಸಿಯದನ್ನು ಬೇಯಿಸಿ ಉಪ್ಪು ಹಾಕಿಕೊಂಡು ತಿನ್ನುವುದೇ ಸೊಗಸು.

ಬೀಜವನ್ನು ಆರಿಸುವ ಕೆಲಸವನ್ನು ಆಳುಕಾಳುಗಳಿಗೆ ಬಿಡದೆ ಮನೆಯಾಕೆಯೇ ಮಾಡುವುದು ಮೇಲು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತವು. ವಿಚಾರಿಸಲಾಗಿ, ಅವುಗಳಿಗೆ ಹಾಕಿದ ಕಡಲೆಕಾಯಿ ಹಿಂಡಿಯಲ್ಲಿ ಒಂದು ಬಗೆಯ ಬೂಷ್ಟಿನಿಂದ ವಿಷವು ಹುಟ್ಟಿದ್ದುದು ಗೊತ್ತಾಯಿತು. ಅಫ್ಲಟಾಕ್ಸಿನ್ ಎಂಬ ಈ ವಿಷವು ಮನುಷ್ಯರ ಯಕೃತ್ತಿಗೂ ಕೇಡು ಮಾಡತಕ್ಕದ್ದು; ಹುರಿದರೂ ಬೇಯಿಸಿದರೂ ಪೂರ್ತಿಯಾಗಿ ನಾಶವಾಗುವುದಿಲ್ಲ. ಇಡಿಯ ಬೀಜವನ್ನು ತಿನ್ನುವಾಗ ಕಹಿಯಾದುದನ್ನು ಉಗಿದುಬಿಡುತ್ತೇವೆ. ಅರೆದ ಮೇಲೆ ಆ ಒಂದು ಕೆಟ್ಟ ಬೀಜವು ನೂರರಲ್ಲಿ ಬೆರೆತು, ಸಕ್ಕರೆಯಲ್ಲಿ ಅಡಗಿ, ಕಣಕದಲ್ಲಿ ಮುಚ್ಚಿಹೋಗುತ್ತದೆ. ಆದುದರಿಂದ ಬೂಷ್ಟು ಹಿಡಿದುದು, ಮುದುಡಿದುದು, ಕಪ್ಪಾದುದು, ಹುಳು ಕೊರೆದುದು, ಇವೆಲ್ಲವನ್ನೂ ಮೊರದಲ್ಲಿ ಹರಡಿಕೊಂಡು ತೆಗೆದುಹಾಕಬೇಕು.

ಹೀಗೆ ಆರಿಸಿದ ಬೀಜ ೨೫೦ ಗ್ರಾಂ ಬೇಕು. ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಕೈಬಿಡದೆ ಆಡಿಸುತ್ತ ಹುರಿಯಿರಿ. ಸಿಪ್ಪೆಯು ಬೆರಳಿನಲ್ಲಿ ಉಜ್ಜಿದರೆ ಕಳಚಿಕೊಳ್ಳುವಂತಾದಾಗ ಇಳಿಸಿ, ಆರಿದ ಮೇಲೆ ತಿಕ್ಕಿ ಕೇರಿಕೊಳ್ಳಿರಿ. ಮಿಕ್ಸಿಯ ಪಾತ್ರೆಯಲ್ಲಿ ತೇವದ ಸುಳಿವೂ ಇರಕೂಡದು. ನೀರು ಸೋಕಿದ ಕಡಲೆಕಾಯಿ ಬೆಣ್ಣೆಯು ನುಣುಪಾಗುವ ಬದಲು ಗಂಟುಕಟ್ಟಿಕೊಳ್ಳುತ್ತದೆ. ಅರೆಯತೊಡಗಿದರೆ ಮೊದಲು ಪುಡಿಯಾಗುವುದು, ಅನಂತರ ಮುದ್ದೆಯಾಗುವುದು. ಇಲ್ಲಿಯೇ ಅನೇಕರು ಧೈರ್ಯಗೆಟ್ಟು ಎಣ್ಣೆಯನ್ನೋ ನೀರನ್ನೋ ಸುರಿಯುವರು. ಏನನ್ನೂ ಸುರಿಯಬೇಡಿರಿ. ಮಿಕ್ಸಿಯು ಬಿಸಿಯಾದರೆ ಸ್ವಲ್ಪ ಹೊತ್ತು ನಿಲ್ಲಿಸಿ, ಅಂಚನ್ನು ಕೆರೆದು ಮತ್ತೆ ತಿರುಗಿಸಿದರೆ, ಬೀಜವು ತನ್ನ ಎಣ್ಣೆಯನ್ನು ತಾನೇ ಬಿಟ್ಟು ಬೆಣ್ಣೆಯಾಗುತ್ತದೆ.

ಅಂಗಡಿಯ ಬಾಟಲಿಯ ಬೆಣ್ಣೆಯಲ್ಲಿ ಎಣ್ಣೆಯು ಮೇಲೆ ನಿಲ್ಲದಂತೆ ಗಟ್ಟಿ ಕೊಬ್ಬನ್ನು ಸೇರಿಸಿರುವುದುಂಟು. ಮನೆಯ ಬೆಣ್ಣೆಗೆ ಆ ಸಹಾಯವಿಲ್ಲ. ಕಾವು ತಗಲಿದರೆ ಹರಿಯುತ್ತದೆ. ಇದಕ್ಕೆ ಹುರಿಗಡಲೆಯ ಹಿಟ್ಟು ಒಳ್ಳೆಯ ಉಪಾಯ. ಮನೆಯ ಕಡಲೆಕಾಯಿ ಬೆಣ್ಣೆ ೧೩೦ ಗ್ರಾಂ, ನುಣ್ಣಗೆ ಪುಡಿಮಾಡಿದ ಸಕ್ಕರೆ ೬೦ ಗ್ರಾಂ, ಜರಡಿ ಹಿಡಿದ ಹುರಿಗಡಲೆ ಹಿಟ್ಟು ಎರಡು ದೊಡ್ಡ ಚಮಚ, ಚಿಟಿಕೆ ಉಪ್ಪು, ಇವನ್ನು ಕಲಸಿದರೆ ಉಂಡೆ ಕಟ್ಟುವ ಹದಕ್ಕೆ ಬರುವುದು. ಬೆಲ್ಲವನ್ನು ಹಾಕಬಾರದೇ ಎಂದು ಕೇಳುವವರುಂಟು. ಹೋಳಿಗೆಗೆ ಬೆಲ್ಲವೇ ಸರಿ. ಇಲ್ಲಿ ಸಾಮಾನ್ಯ ಅಚ್ಚುಬೆಲ್ಲದ ತೇವವು ಹೂರಣವನ್ನು ಕೆಡಿಸೀತು. ಚೆನ್ನಾಗಿ ಒಣಗಿದ ಬೆಲ್ಲದ ಪುಡಿಯು ಸಿಕ್ಕಿದರೆ ಹಾಕಬಹುದು. ಹೂರಣವನ್ನು ೧೮ ಉಂಡೆಗಳಾಗಿ ಮಾಡಿ, ತಟ್ಟೆಯಲ್ಲಿಟ್ಟು, ರೆಫ್ರಿಜರೇಟರಿನ ಹಿಮದ ಅರೆಯಲ್ಲಿ ಅರ್ಧ ಗಂಟೆ ಇಡಿರಿ. ಹೋಳಿಗೆಯಲ್ಲಿ ಕಣಕವೂ ಹೂರಣವೂ ಒಂದೇ ಹದದಲ್ಲಿರಬೇಕೆಂದು ಹಿರಿಯರು ಕಲಿಸಿದರಷ್ಟೆ. ಬಿಸ್ಕತ್ತಿನಲ್ಲಿ ಹೂರಣವೇ ಗಟ್ಟಿಯಾಗಿರಬೇಕು. ಹೊರಗಿನ ಕಣಕವು ಬೆಂದು ನಿಲ್ಲುವವರೆಗೆ ಒಳಗಿನದು ಕರಗದೆ ಕಾದಿರಲೆಂಬುದೇ ಇದರ ಉದ್ದೇಶ.

ಕಣಕಕ್ಕೆ ಮೈದಾ ೧೬೦ ಗ್ರಾಂ, ಕೋಕೋ ಪುಡಿ ೩೦ ಗ್ರಾಂ, ಅಡಿಗೆ ಸೋಡಾ ಅರ್ಧ ಸಣ್ಣ ಚಮಚ, ಚಿಟಿಕೆ ಉಪ್ಪು. ಇವನ್ನು ಎರಡು ಬಾರಿ ಜರಡಿ ಹಿಡಿಯಬೇಕು. ಬೇರೊಂದು ಪಾತ್ರೆಯಲ್ಲಿ ಹಸುವಿನ ಬೆಣ್ಣೆ ೯೦ ಗ್ರಾಂ, ಉಳಿದ ಕಡಲೆಕಾಯಿ ಬೆಣ್ಣೆಯಿಂದ ೫೦ ಗ್ರಾಂ, ಸಕ್ಕರೆ ಪುಡಿ ೧೨೦ ಗ್ರಾಂ, ಇವನ್ನು ಬಣ್ಣ ತಿಳಿಯಾಗುವವರೆಗೆ ನಾದಿ, ಒಂದು ಮೊಟ್ಟೆಯನ್ನು ಒಡೆದು ಸೇರಿಸಿರಿ. ಮೊಟ್ಟೆ ಒಲ್ಲದವರು ಮೂರು ದೊಡ್ಡ ಚಮಚ ಹಾಲನ್ನು ಹಾಕಲಿ. ಬಿಸ್ಕತ್ತು ಕೊಂಚ ಪುಡಿಪುಡಿಯಾದೀತು, ರುಚಿಗೆ ಕೊರತೆಯಿಲ್ಲ. ಹಿಟ್ಟನ್ನು ಬೆರಸಿದ ಮೇಲೆ ಚಪಾತಿಯ ಹಿಟ್ಟಿನಂತೆ ನಾದಕೂಡದು, ನಾದಿದರೆ ಬಿಸ್ಕತ್ತು ಬಿರುಸಾಗುತ್ತದೆ. ಒಟ್ಟುಗೂಡಿದರೆ ಸಾಕು. ಇದನ್ನೂ ಸ್ವಲ್ಪ ತಣಿಸಿ, ೧೮ ಭಾಗ ಮಾಡಿರಿ.

ಪ್ರತಿಯೊಂದು ಭಾಗವನ್ನೂ ಅಂಗೈಯಲ್ಲಿ ಬಟ್ಟಲಿನಂತೆ ತಟ್ಟಿ, ನಡುವೆ ಉಂಡೆಯನ್ನಿಟ್ಟು, ಕಡುಬನ್ನು ಮುಚ್ಚುವಂತೆ ಅಂಚುಗಳನ್ನು ಕೂಡಿಸಿ ಉರುಟುಮಾಡಿರಿ. ಕೂಡಿಸಿದ ಭಾಗವು ಕೆಳಮುಖವಾಗಿರಲಿ. ಮೇಲೆ ಮೆಲ್ಲಗೆ ಅಂಗೈಯಿಂದ ಒತ್ತಿದರೆ ಸಾಕು. ಸಾದಾ ಕಡಲೆಕಾಯಿ ಬಿಸ್ಕತ್ತಿಗೆ ಮಾಡುವಂತೆ ಮುಳ್ಳುಚಮಚದಿಂದ ಗೀರು ಹಾಕಿದರೆ ಹೂರಣಕ್ಕೆ ಬಾಗಿಲು ತೆರೆದಂತಾಗುವುದು. ಮುಂಚೆಯೇ ೧೮೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದ ಓವನ್ನಿನಲ್ಲಿ ಹತ್ತರಿಂದ ಹನ್ನೆರಡು ನಿಮಿಷ ಬೇಯಲಿ. ಓವನ್ ಇಲ್ಲದ ಮನೆಯಲ್ಲಿ ದಪ್ಪತಳದ ಪಾತ್ರೆಗೆ ಮರಳು ಹರಡಿ, ಒಳಗೊಂದು ಸಿಂಬಿಯಿಟ್ಟು, ಮುಚ್ಚಿ ಕಾಯಿಸಿ, ಅದರ ಮೇಲೆ ತಟ್ಟೆಯನ್ನಿಟ್ಟು ಬೇಯಿಸಬಹುದು. ಇದಕ್ಕೆ ಹೆಚ್ಚು ಹೊತ್ತು ಹಿಡಿಯುವುದು. ಕೋಕೋ ಸೇರಿದ ಕಣಕವು ಕೆಂಪಾದುದು ಕಣ್ಣಿಗೆ ತಿಳಿಯದಾದ್ದರಿಂದ, ಅಂಚು ಗಟ್ಟಿಯಾಗಿ ನಡುವೆ ಮೆತ್ತಗಿರುವಾಗಲೇ ತೆಗೆಯಬೇಕು. ತಟ್ಟೆಯಲ್ಲಿಯೇ ಐದು ನಿಮಿಷ ಬಿಟ್ಟರೆ ತಾನಾಗಿ ಗಡುಸಾಗುವುದು. ಬಿಸಿಯಲ್ಲಿ ಎತ್ತಹೋದರೆ ಮುರಿಯುತ್ತದೆ.

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳಲ್ಲಿ ಖಾರ ಹಚ್ಚಿದ ಕಾಂಗ್ರೆಸ್ ಕಡಲೆಬೀಜವನ್ನು ಬೆಣ್ಣೆ ಸವರಿದ ಬನ್ನಿನೊಳಗೆ ತುಂಬಿ ಕೊಡುವುದನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಬೀಜವು ಅಂಚಿನಿಂದ ಇಣಿಕಿ ನೋಡುತ್ತದೆ, ತಿನ್ನುವವನಿಗೆ ಸಂಶಯವಿಲ್ಲ. ನಮ್ಮ ಬಿಸ್ಕತ್ತಾದರೋ ಹೊರನೋಟಕ್ಕೆ ಬರಿಯ ಚಾಕೊಲೇಟು ಬಿಸ್ಕತ್ತು. ಕೆಲವು ಮಕ್ಕಳ ದೇಹಕ್ಕೆ ಕಡಲೆಕಾಯಿಯು ಎಳ್ಳಷ್ಟೂ ಒಗ್ಗದು. ಚೂರು ತಿಂದರೂ ಮೈಮೇಲೆ ದದ್ದು, ತುಟಿ ನಾಲಗೆಗಳ ಊತ, ವಾಂತಿ, ಏದುಸಿರು ಕಾಣಿಸಿಕೊಂಡು, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ ಬರುವುದುಂಟು. ಹಾಗಾದರೆ ಮನೆಮದ್ದಿಗೆ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬಿಳೇಕಹಳ್ಳಿಯಂತಹ ಕಡೆಯಲ್ಲಿ ಒಂದೇ ಕಟ್ಟಡದೊಳಗೆ ಹತ್ತಾರು ಸಂಸಾರಗಳು; ಹಬ್ಬದ ತಟ್ಟೆಯು ಬಾಗಿಲಿನಿಂದ ಬಾಗಿಲಿಗೆ ಹೋಗುತ್ತದೆ, ಶಾಲೆಯಲ್ಲಿ ಒಂದು ಡಬ್ಬಿಗೆ ನಾಲ್ಕು ಕೈಗಳು ಸೇರುತ್ತವೆ. ಆದುದರಿಂದ ನೆರೆಯ ಮಗುವಿಗೆ ಕೊಡುವ ಮುಂಚೆ ಅದರ ತಾಯಿಯನ್ನು ಕೇಳಿರಿ. ಇದನ್ನು ಮಾಡಿದ ಮಿಕ್ಸಿ, ಚಮಚ, ತಟ್ಟೆಗಳನ್ನು ಸೋಪು ಹಾಕಿ ತೊಳೆಯದೆ ಬೇರೆ ತಿಂಡಿಗೆ ಬಳಸಬೇಡಿರಿ. ಹಂಚುವ ಬಿಸ್ಕತ್ತಿನ ನೆತ್ತಿಯ ಮೇಲೆ, ಬೇಯಿಸುವ ಮೊದಲೇ, ಅರ್ಧ ಬೀಜವನ್ನು ಒತ್ತಿಬಿಟ್ಟರೆ ಒಳಗಿನ ಗುಟ್ಟು ಹೊರಗೆ ಕಾಣುವುದು, ಅಂದವೂ ಹೌದು.

ಪೂರ್ತಿ ಆರಿದ ಮೇಲೆ ಬಿಗಿಮುಚ್ಚಳದ ಡಬ್ಬಿಗೆ ತುಂಬಿರಿ. ಬಿಸಿಯಿರುವಾಗಲೇ ಮುಚ್ಚಿದರೆ ಹಬೆಯು ನೀರಾಗಿ ಮೆತ್ತಗಾಗುವುವು. ಕಡಲೆಕಾಯಿಯ ಎಣ್ಣೆಯು ಬೇಗ ಕಮಟುವುದರಿಂದ ಒಂದು ವಾರದೊಳಗೆ ಮುಗಿಸುವುದು ಒಳ್ಳೆಯದು. ಡಬ್ಬಿಯ ಮೇಲೊಂದು ಚೀಟಿಯನ್ನು ಅಂಟಿಸಿ, ಮಾಡಿದ ತಾರೀಖನ್ನೂ ‘ಒಳಗೆ ಕಡಲೆಕಾಯಿ ಇದೆ’ ಎಂಬ ಮಾತನ್ನೂ ಮಕ್ಕಳು ಓದುವಷ್ಟು ದಪ್ಪಕ್ಷರದಲ್ಲಿ ಬರೆದಿಡಿರಿ.