ಗಣಕದ ಬೀಗದಕೈ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಒಂದು ಹೋಬಳಿ ಕೇಂದ್ರ. ಅಲ್ಲಿ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆಗಳನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಿಕೊಡುವ ಚಿಕ್ಕ ಅಂಗಡಿಯೊಂದನ್ನು ಊಹಿಸಿಕೊಳ್ಳಬಹುದು. ಮರುದಿನ ಬೆಳಗ್ಗೆ ಹಂಚಬೇಕಾದ ಲಗ್ನಪತ್ರಿಕೆ ಅರ್ಧಕ್ಕೆ ನಿಂತಿದೆ. ವಿದ್ಯುತ್ತು ಹೋಗಿ ಬಂದ ಮೇಲೆ ಪುಟವಿನ್ಯಾಸದ ತಂತ್ರಾಂಶವು ‘ಪರವಾನಗಿ ಊರ್ಜಿತವಲ್ಲ’ ಎಂದು ತೋರಿಸಿ ಮುಚ್ಚಿಕೊಂಡಿದೆ. ಕಳ್ಳನಿಗಾಗಿ ಹಾಕಿದ ಬೀಗ ಮನೆಯೊಡೆಯನನ್ನೇ ಹೊರಗೆ ನಿಲ್ಲಿಸಿದಂತಾಯಿತು!

ಎಲ್ಲ ತಂತ್ರಾಂಶಗಳಿಗೂ ಇಂಥ ಬೀಗವಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯನ್ನು ಕರ್ನಾಟಕ ಸರಕಾರವು ಉಚಿತವಾಗಿಯೇ ಒದಗಿಸಿತು. ಆದರೆ ಒಂದು ಪ್ರತಿಯಿಂದ ನೂರು ಪ್ರತಿ ಮಾಡುವುದು ಗಣಕದಲ್ಲಿ ಕ್ಷಣದ ಕೆಲಸ. ಆದುದರಿಂದ ಮಾರಾಟದ ತಂತ್ರಾಂಶಗಳ ತಯಾರಕರು ಪರವಾನಗಿ ಕಡತವೆಂಬ ಬೀಗದಕೈಯನ್ನು ಕೊಡುವುದುಂಟು.

ಅದು ಎಷ್ಟೋ ಸಲ ಕೆಲವೇ ಸಾಲುಗಳ ಬರಹ. ಯಾವ ತಂತ್ರಾಂಶ, ಯಾವ ಅವಧಿ, ಯಾವ ಯಂತ್ರ ಎಂಬುದು ಅದರಲ್ಲಿರುತ್ತದೆ. ಯಂತ್ರದ ಗುರುತಿಗೆ ನೆಟ್‌ವರ್ಕ್ ಕಾರ್ಡಿನ 12 ಅಂಕಾಕ್ಷರಗಳ ಸಂಖ್ಯೆಯನ್ನು ಬಳಸುವ ಪದ್ಧತಿಯಿದೆ. ಕೊನೆಯಲ್ಲಿ ತಯಾರಕರ ಗಣಿತದ ಸಹಿ. ತಾಮ್ರಪಟದ ಹಲಗೆಗಳನ್ನು ಪೋಣಿಸಿದ ಬಳೆಗೆ ಹಿಂದೆ ರಾಜಮುದ್ರೆಯನ್ನು ಒತ್ತುತ್ತಿದ್ದರಷ್ಟೆ. ಇದೂ ಅದೇ ಬಗೆಯದು, ಆದರೆ ಇನ್ನೂ ಬಿಗಿಯಾದುದು. ಮುದ್ರೆಯನ್ನು ಮುಟ್ಟದೆಯೂ ತಾಮ್ರದ ಮೇಲಿನ ಅಕ್ಷರವನ್ನು ತಿದ್ದಬಹುದಿತ್ತು. ಇಲ್ಲಿ ಸಹಿಗೆ ಒಳಪಟ್ಟ ಒಂದು ಅಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ. ಇಂಥ ಸಹಿಗೆ ನೆರವಾಗುವ ಪ್ರಸಿದ್ಧ ವಿಧಾನವೊಂದನ್ನು 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ರೂಪಿಸಿದರು.

ಅಂಗಡಿಯಾತ ಇದನ್ನರಿಯದೆ ಕಡತವನ್ನು ತೆರೆದು ದಿನಾಂಕವನ್ನು ತಿದ್ದಿದ. ಫಲ ಸಿಗಲಿಲ್ಲ, ಸಹಿಯೂ ಕೆಟ್ಟಿತು. ಪುಣ್ಯಕ್ಕೆ ಕಡತದ ಮೂಲಪ್ರತಿ ಬೇರೆಡೆ ಇತ್ತು. ಅದನ್ನು ಮತ್ತೆ ತಂದಿರಿಸಿದರೂ ಬೀಗ ತೆರೆಯಲಿಲ್ಲ.

ಆಗ ಅವನ ಮಗಳ ಕಣ್ಣು ಪರದೆಯ ಮೂಲೆಗೆ ಹೋಯಿತು. “ಅಪ್ಪಾ, ತಾರೀಖು ನೋಡಿ. ಎಷ್ಟೋ ವರ್ಷ ಹಿಂದಿದೆ!”

ರೋಗದ ಮೂಲ ಅಲ್ಲಿತ್ತು. ಗಣಕದ ಒಳಹಲಗೆಯಲ್ಲಿ ನಾಣ್ಯದಂತಹ 3 ವೋಲ್ಟ್‌ಗಳ ಚಿಕ್ಕ ಬ್ಯಾಟರಿಯೊಂದಿರುತ್ತದೆ. ವಿದ್ಯುತ್ತಿಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಅದು ಸೋತಿತ್ತು, ಅಂತರಜಾಲದಿಂದ ವೇಳೆಯನ್ನು ಸರಿಪಡಿಸಿಕೊಳ್ಳಲು ಸಂಪರ್ಕವೂ ಇರಲಿಲ್ಲ. ಪರವಾನಗಿ ಆರಂಭವಾಗುವ ದಿನವೇ ಇನ್ನೂ ಬಂದಿಲ್ಲವೆಂದು ತಂತ್ರಾಂಶವು ಭಾವಿಸಿತು. ಬ್ಯಾಟರಿ ಬದಲಾಯಿಸಿ ದಿನಾಂಕ ಸರಿಪಡಿಸಿದೊಡನೆ ಬಾಗಿಲು ತೆರೆಯಿತು.

ಕಾರಣ ಯಾವಾಗಲೂ ಇದೇ ಎನ್ನುವಂತಿಲ್ಲ. ಕಡತವು ಬೇರೆ ಕೋಶದಲ್ಲಿ ಕುಳಿತಿರಬಹುದು. ಉಳಿಸುವಾಗ ಅದರ ಹೆಸರಿಗೆ ಬಾಲವೊಂದು ಸೇರಿಕೊಂಡಿರಬಹುದು. ನೆಟ್‌ವರ್ಕ್ ಕಾರ್ಡನ್ನು ಬದಲಾಯಿಸಿದ್ದರೆ ಮಾತ್ರ ರಸೀತಿಯೊಡನೆ ತಯಾರಕರಿಗೆ ಬರೆದು ಹೊಸ ಕಡತವನ್ನು ಕೇಳಬೇಕಾಗುತ್ತದೆ. ಅಂಗಡಿಯಾತ ಆ ರಾತ್ರಿಯೇ ರಸೀತಿಯನ್ನು ಹುಡುಕಿ, ಮೂಲಪ್ರತಿಯಿದ್ದ ಪೆನ್‌ಡ್ರೈವಿನೊಡನೆ ಪೆಟ್ಟಿಗೆಯಲ್ಲಿಟ್ಟು, ಲಗ್ನಪತ್ರಿಕೆಯ ಕೆಲಸಕ್ಕೆ ಕುಳಿತ.