ತುಂತುರು ನೀರಾವರಿ ಎಂಜಿನಿನ ಥ್ರಾಟಲ್ ಹಿಡಿ

ಸುಂಟಿಕೊಪ್ಪದ ಸುತ್ತಲಿನ ರೊಬಸ್ಟಾ ಕಾಫಿ ತೋಟಗಳಲ್ಲಿ ಹೂಮಳೆ ಬಾರದಿದ್ದಾಗ, ಫೆಬ್ರವರಿ ಮಾರ್ಚಿ ತಿಂಗಳುಗಳಲ್ಲಿ ಕೆರೆಯ ನೀರನ್ನು ಡೀಸೆಲ್ ಎಂಜಿನಿನಿಂದ ತುಂತುರಾಗಿ ಹಾಯಿಸುವುದುಂಟು. ಸುಮಾರು 1ರಿಂದ 1½ ಇಂಚು ನೀರು ಬೀಳತಕ್ಕದ್ದು. ಸಾಲದಿದ್ದರೆ ಮೊಗ್ಗು ಅರೆಬಿರಿದು ಬಾಡಿ, ಫಸಲಿಗೆ ನಷ್ಟವಾಗುವುದು. ನೀರು ದೂರ ಚಿಮ್ಮದಿದ್ದರೆ ಪಂಪನ್ನು ದೂರುವವರೇ ಹೆಚ್ಚು. ಆದರೆ ಎಂಜಿನಿನ ವೇಗವು 100ಕ್ಕೆ 10 ಪಾಲು ಇಳಿದರೂ ಪಂಪಿನ ಒತ್ತಡವು 100ಕ್ಕೆ ಸುಮಾರು 19 ಪಾಲು ಇಳಿಯುವುದು. ಆದುದರಿಂದ ಮೊದಲು ಥ್ರಾಟಲ್ ಹಿಡಿಯನ್ನು ಪರೀಕ್ಷಿಸತಕ್ಕದ್ದು.

ಎಂಜಿನನ್ನು ನಿಲ್ಲಿಸಿ, ಒಬ್ಬನು ಹಿಡಿಯನ್ನು ಪೂರ್ತಿ ಸರಿಸುವಾಗ ಮತ್ತೊಬ್ಬನು ಗವರ್ನರಿನ ತೋಳನ್ನು ನೋಡುತ್ತಿರಲಿ. ತೋಳು ತನ್ನ ತಡೆ ತಿರುಪಿಗೆ ತಾಗದಿದ್ದರೆ ತಂತಿಯು ಸಡಿಲವಾಗಿರುವುದು, ಇಲ್ಲವೆ ಕೀಲಿನ ಪಿನ್ನು ಸವೆದಿರುವುದು. ಸವೆದ ಪಿನ್ನನ್ನು ಬದಲಾಯಿಸಿ, ತಂತಿಯ ಸಡಿಲನ್ನು ನಟ್ಟು ತಿರುಗಿಸಿ ತೆಗೆಯಬೇಕು. ಅತಿಯಾಗಿ ಬಿಗಿಯಲಾಗದು, ಬಿಗಿದರೆ ಎಂಜಿನು ನಿಧಾನಗತಿಗೆ ಇಳಿಯದು. ಕೀಲುಗಳಿಗೆ ಅಂಟಿದ ಧೂಳು ಜಿಡ್ಡನ್ನು ಡೀಸೆಲಿನಿಂದ ತೊಳೆದು, ಒರಸಿ, ಒಂದೆರಡು ಹನಿ ಎಣ್ಣೆ ಬಿಡತಕ್ಕದ್ದು. ಹಿಡಿಯು ಸರಿಯಾಗಿದ್ದೂ ಎಂಜಿನಿನ ವೇಗವು ಏರುತ್ತ ಇಳಿಯುತ್ತ ಇದ್ದರೆ, ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿರಬಹುದು, ಅದನ್ನು ಹೊರಬಿಡಬೇಕು. ತಯಾರಕರು ಮೊಹರು ಮಾಡಿದ ಗರಿಷ್ಠ ವೇಗದ ತಿರುಪನ್ನು ಮಾತ್ರ ಯಾರೂ ಮುಟ್ಟಕೂಡದು. ಈ ಕೆಲಸವನ್ನೆಲ್ಲ ಜನವರಿಯೊಳಗೆ ಮುಗಿಸುವುದು ಲೇಸು. ಹೂವಿನ ಕಾಲ ಬಂದಮೇಲೆ ಮೇಸ್ತ್ರಿಗಳು ಸಿಕ್ಕುವುದು ಕಷ್ಟ.