‘ಇಲ್ಲವಾದರೆ’ ಎಂಬುದು ಯಾವುದಕ್ಕೆ ಸೇರುತ್ತದೆ?

ಒಂದು ಶಾಲೆಯ ಪ್ರಕಟಣ ಫಲಕದಲ್ಲಿ ಹೀಗೆ ಬರೆದಿದೆಯೆಂದು ಭಾವಿಸೋಣ: “ಮಳೆ ಬಂದರೆ, ಸಭಾಂಗಣ ತೆರವಾಗಿದ್ದರೆ ಸಭೆ ಅಲ್ಲಿ ಸೇರುವುದು, ಇಲ್ಲವಾದರೆ ಬಯಲಿನಲ್ಲಿ ಸೇರುವುದು.”

ಇಲ್ಲಿ ‘ಇಲ್ಲವಾದರೆ’ ಎಂದರೆ ಏನು ಇಲ್ಲವಾದರೆ? ಮಳೆ ಇಲ್ಲವಾದರೆ ಎಂದು ನಾವು ಕೂಡಲೇ ಗ್ರಹಿಸುತ್ತೇವೆ. ಆದರೆ ವಾಕ್ಯದ ರಚನೆ ಇನ್ನೊಂದು ಅರ್ಥಕ್ಕೂ ಎಡೆಗೊಡುತ್ತದೆ: ಮಳೆ ಬಂದು, ಸಭಾಂಗಣ ತೆರವಿಲ್ಲವಾದರೆ ಸಭೆ ಬಯಲಿನಲ್ಲಿ! ಇದನ್ನು ತಳ್ಳಿಹಾಕುವುದು ವ್ಯಾಕರಣವಲ್ಲ, ನಮ್ಮ ಲೋಕಜ್ಞಾನ. ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವ ಭಾಷೆಯಲ್ಲಿ ಇಂಥ ಲೋಕಜ್ಞಾನವನ್ನು ನಂಬುವಂತಿಲ್ಲ. ಆ ಭಾಷೆಯ ಲಕ್ಷಣಗ್ರಂಥವೇ ಅರ್ಥವನ್ನು ನಿರ್ಣಯಿಸಬೇಕು.

ಸಂಖ್ಯೆಗಳಿಂದಲೇ ಇದನ್ನು ಪರೀಕ್ಷಿಸೋಣ. ಗ ಎಂಬುದರ ಬೆಲೆ ಮೊದಲು 0 ಆಗಿರಲಿ. ಆದೇಶವಿದು: “ಕ ಧನಸಂಖ್ಯೆಯಾದರೆ, ಖ ಧನಸಂಖ್ಯೆಯಾದರೆ ಗ = 1; ಇಲ್ಲವಾದರೆ ಗ = 2.” ಕ = 5, ಖ = –2 ಎಂದಿಟ್ಟುಕೊಳ್ಳೋಣ. ‘ಇಲ್ಲವಾದರೆ’ ಎಂಬುದು ಒಳಗಿನ ಷರತ್ತಿಗೆ ಸೇರಿದರೆ ಗ = 2 ಆಗುತ್ತದೆ; ಹೊರಗಿನದಕ್ಕೆ ಸೇರಿದರೆ ಗ 0 ಆಗಿಯೇ ಉಳಿಯುತ್ತದೆ. ಲಕ್ಷಣಗ್ರಂಥ ಮೌನವಾಗಿದ್ದರೆ, ಅದನ್ನು ಓದಿ ಅನುವಾದಕ ಕ್ರಮವಿಧಿಯನ್ನು, ಎಂದರೆ ಕಂಪೈಲರನ್ನು, ರಚಿಸುವ ಇಬ್ಬರು ಎರಡು ಬಗೆಯಾಗಿ ಗ್ರಹಿಸಬಹುದು. ಆಗ ಒಂದೇ ಲೆಕ್ಕಕ್ಕೆ ಎರಡು ಯಂತ್ರಗಳು ಎರಡು ಉತ್ತರಗಳನ್ನು ಕೊಡುತ್ತವೆ. ಎರಡರಲ್ಲಿಯೂ ಯಾವ ಭಾಗವೂ ಕೆಟ್ಟಿರುವುದಿಲ್ಲ.

ಈ ತೊಡಕು ಆಲ್ಗಾಲ್ 60 ಎಂಬ ಭಾಷೆಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. 1960ರ ಜನವರಿಯಲ್ಲಿ ಪ್ಯಾರಿಸ್ ನಗರದಲ್ಲಿ ತಜ್ಞರು ಸೇರಿ ಅದನ್ನು ರೂಪಿಸಿದರು. ಡೆನ್ಮಾರ್ಕಿನ ಪೀಟರ್ ನೌರ್ ಅವರು ಅದರ ವರದಿಯನ್ನು ಸಂಪಾದಿಸಿದರು. ವಾಕ್ಯರಚನೆಯನ್ನು ಸೂತ್ರರೂಪದಲ್ಲಿ ನಿರೂಪಿಸಿದ ಆ ವರದಿ ಮುಂದಿನವರಿಗೆ ಮೇಲ್ಪಂಕ್ತಿಯಾಯಿತು. ‘ಆದರೆ’ ಎಂಬರ್ಥದ ಇಫ್, ‘ಆಗ’ ಎಂಬರ್ಥದ ದೆನ್, ‘ಇಲ್ಲವಾದರೆ’ ಎಂಬರ್ಥದ ಎಲ್ಸ್ — ಇವು ಅದರ ಷರತ್ತಿನ ಪದಗಳು. ದೆನ್ ಪದದ ಬೆನ್ನಿಗೇ ಇನ್ನೊಂದು ಇಫ್ ಬರಕೂಡದು. ಬೇಕಾದಲ್ಲಿ ಅದನ್ನು ಬಿಗಿನ್, ಎಂಡ್ ಎಂಬ ಪದಗಳ ನಡುವೆ ಆವರಿಸಬೇಕು ಎಂಬುದು ನಿಯಮ.

ಆದರೂ ಒಂದು ಸಂದು ಉಳಿದಿತ್ತು. ದೆನ್ ಪದದ ಅನಂತರ, ಕೆಲಸವನ್ನು ಮರಳಿ ಮರಳಿ ಮಾಡಿಸುವ ಫಾರ್ ಆದೇಶ ಬರಬಹುದಾಗಿತ್ತು. ಅದರ ಒಳಗೆ ಇಫ್ ಬರಬಹುದಾಗಿತ್ತು. ಮುಂದಿನ ಎಲ್ಸ್ ಯಾವ ಇಫ್‌ಗೆ ಸೇರಿದ್ದು? ಪುನಃ ಅದೇ ಸಂದೇಹ! 1962ರಲ್ಲಿ ರೋಮ್ ನಗರದಲ್ಲಿ ನಡೆದ ಸಭೆಯ ಫಲವಾಗಿ 1963ರಲ್ಲಿ ಪರಿಷ್ಕೃತ ವರದಿ ಪ್ರಕಟವಾಯಿತು. ದೆನ್ ಪದವನ್ನು ನೇರವಾಗಿ ಅನುಸರಿಸಿದ ಫಾರ್ ಆದೇಶದ ಅನಂತರ, ಹೊರಗಿನ ಇಫ್‌ಗೆ ಎಲ್ಸ್ ಇರಕೂಡದೆಂದು ಅದರ ಸೂತ್ರ ವಿಧಿಸಿತು. ಸಂದು ಮುಚ್ಚಿತು.

ಅನಂತರದ ಭಾಷೆಗಳು ಬೇರೆ ಬೇರೆ ಮಾರ್ಗಗಳನ್ನು ಹಿಡಿದವು. ಆಲ್ಗಾಲ್ 68ರಲ್ಲಿ ಪ್ರತಿಯೊಂದು ಇಫ್‌ಗೂ ‘ಫಿ’ ಎಂಬ ಮುಕ್ತಾಯಪದವುಂಟು. ಇದು ಇಫ್ ಪದದ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಬರೆದ ರೂಪ. ಎಲ್ಸ್ ತನಗೆ ಅತಿ ಸಮೀಪದ ಹಿಂದಿನ ಇಫ್‌ಗೆ ಸೇರತಕ್ಕದ್ದೆಂಬುದು ಸಿ ಭಾಷೆಯ ವಿಧಿ. 1991ರಲ್ಲಿ ಹೊರಬಂದ ಪೈಥಾನ್ ಭಾಷೆಯಲ್ಲಿ ಪಂಕ್ತಿಯ ಮುಂದೆ ಬಿಟ್ಟ ತೆರಪೇ ಸಂಬಂಧವನ್ನು ಸೂಚಿಸುತ್ತದೆ.

ಇವುಗಳಲ್ಲಿ ಸಿ ಭಾಷೆಯ ವಿಧಿಯನ್ನು ನಮ್ಮ ಪ್ರಕಟಣೆಗೆ ಅನ್ವಯಿಸಿದರೆ ವಿದ್ಯಾರ್ಥಿಗಳು ಮಳೆಯಲ್ಲಿಯೇ ನಿಲ್ಲಬೇಕಾಗುತ್ತದೆ! ನಿಯಮ ಸ್ಪಷ್ಟವಾದ ಮಾತ್ರಕ್ಕೆ ಬರೆದವನ ಅಭಿಪ್ರಾಯ ನೆರವೇರಿತೆಂದು ಹೇಳಲಾಗದು. ಲಕ್ಷಣಗ್ರಂಥ ಒಂದೇ ಅರ್ಥವನ್ನು ವಿಧಿಸಬೇಕು. ಬರೆಯುವವನು ಅದನ್ನು ತಿಳಿದು, ಸಂದೇಹವಿದ್ದಲ್ಲಿ ಆವರಣಚಿಹ್ನೆಗಳನ್ನು ಬಳಸಬೇಕು.

ವಾಚಕರು ಮೇಲಿನ ಪ್ರಕಟಣೆಯನ್ನು ಒಂದೇ ಅರ್ಥ ಬರುವಂತೆ ತಿದ್ದಿ ಬರೆಯಲು ಪ್ರಯತ್ನಿಸಲಿ. ಮಳೆಯೂ ಬಂದು ಸಭಾಂಗಣವೂ ತೆರವಿಲ್ಲದಿದ್ದರೆ ಏನು ಮಾಡಬೇಕೆಂಬುದನ್ನು ಪ್ರಕಟಣೆ ಹೇಳಿಯೇ ಇಲ್ಲವೆಂಬುದು ಆಗ ತಾನಾಗಿ ಹೊರಬೀಳುವುದು.